ಕಸದ ಒಡೆತನ

ಒಂದು ವಸ್ತುವು ನಮ್ಮದಾಗುವದು ಹೇಗೆಂಬುದನ್ನು ನಮ್ಮ ಪೂರ್ವಿಕರು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು, ಸ್ವತ್ವವು ಲೋಕಸಿದ್ಧವೋ ಶಾಸ್ತ್ರಸಿದ್ಧವೋ ಎಂಬುದನ್ನೇ ಒಂದು ದೊಡ್ಡ ಚರ್ಚೆಯನ್ನಾಗಿ ಮಾಡಿದ್ದಾನೆ. ಆದರೆ ಅದೇ ವಸ್ತುವು ನಮ್ಮದಲ್ಲದ್ದಾಗುವದು ಯಾವಾಗ ಎಂಬ ಪ್ರಶ್ನೆಗೆ ಸಾಮಾನ್ಯ ಜನರ ಲಕ್ಷ್ಯವು ಅಷ್ಟಾಗಿ ಹೋದಂತಿಲ್ಲ. ಮಾರಿದರೆ ಕೊಂಡವನೊಬ್ಬನಿರುತ್ತಾನೆ, ದಾನವಿತ್ತರೆ ಸ್ವೀಕರಿಸಿದವನೊಬ್ಬನಿರುತ್ತಾನೆ, ಎರಡಕ್ಕೂ ಎದುರಿನವನ ಒಪ್ಪಿಗೆ ಬೇಕು. ಮೂರನೆಯ ದಾರಿಯೊಂದುಂಟು: ಚೆಲ್ಲಿಬಿಡುವದು. ಇದಕ್ಕೆ ಮಾತ್ರ ಯಾರನ್ನೂ ಕೇಳುವ ರೂಢಿಯಿಲ್ಲ. ಕೈಬಿಟ್ಟೊಡನೆ ಅದು ನಮ್ಮದಲ್ಲವೆಂದು ನಂಬಿ ನಾವು ಬೆನ್ನು ತಿರುಗಿಸುತ್ತೇವೆ. ಬೇಕೆಂದು ತಂದ ವಸ್ತುವಿನ ಒಡೆತನವು ಬೇಡವೆಂದ ಮಾತ್ರಕ್ಕೆ ಹರಿದುಹೋಗುವದೇ? ಮೇಲುನೋಟಕ್ಕೆ ಕ್ಷುಲ್ಲಕವಾಗಿ ಕಾಣುವ ಈ ಪ್ರಶ್ನೆಯು ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಗಾಳಿ, ನೀರು, ನೆಲಗಳಿಗೆ ಸಂಬಂಧಿಸಿದ ಪ್ರಶ್ನೆಯಾಗಿದೆ. ಆದುದರಿಂದ ವಾಚಕರು ತುಸು ಸಾವಧಾನದಿಂದ ಇದನ್ನು ವಿಚಾರಿಸಬೇಕೆಂದು ಪ್ರಾರ್ಥನೆ.

ಹಳೆಯ ಹಳ್ಳಿಯ ವ್ಯವಸ್ಥೆಯಲ್ಲಿ ಈ ಪ್ರಶ್ನೆಗೊಂದು ಉತ್ತರವಿತ್ತು. ಅದರ ಹೆಸರು ತಿಪ್ಪೆ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಕಣದ ಹೊಟ್ಟು, ದನಗಳು ತಿಂದು ಬಿಟ್ಟ ಕಣಿಕೆಯ ಚೂರು ಇವೆಲ್ಲವೂ ಅಲ್ಲಿಗೆ ಸೇರುತ್ತಿದ್ದವು. ಆ ತಿಪ್ಪೆಯು ಇಂಥ ಮನೆತನದ್ದೆಂದು ಊರಿಗೆಲ್ಲ ಗೊತ್ತಿರುತ್ತಿತ್ತು. ಒಬ್ಬರ ತಿಪ್ಪೆಯಿಂದ ಮತ್ತೊಬ್ಬರು ಒಂದು ಬುಟ್ಟಿ ಗೊಬ್ಬರವನ್ನೊಯ್ದರೆ ಜಗಳವಾಗುತ್ತಿತ್ತು. ದೀಪಾವಳಿಯಲ್ಲಿ ಅದಕ್ಕೂ ಒಂದು ಪೂಜೆ ಸಲ್ಲುತ್ತಿತ್ತು. ಬೇಸಿಗೆಯಲ್ಲಿ ಅದು ಬಂಡಿಯೇರಿ ಆ ಮನೆಯ ಹೊಲಕ್ಕೇ ಹೋಗುತ್ತಿತ್ತು. ಅಂದರೆ ಉಂಡವನಿಗೆ ಉಳಿಕೆಯೂ ಸೇರಿತ್ತು, ಕಸಕ್ಕೆ ಒಡೆಯನಿದ್ದನು.

ಈ ವ್ಯವಸ್ಥೆಯು ಸರ್ವಾಂಗಸುಂದರವಾಗಿತ್ತೆಂದು ಹೇಳುವದು ನನ್ನ ಉದ್ದೇಶವಲ್ಲ. ತಿಪ್ಪೆಯು ಮನೆಯ ಮಗ್ಗುಲಲ್ಲಿದ್ದು ನೊಣಗಳಿಗೂ ರೋಗಗಳಿಗೂ ತವರಾಗಿತ್ತು. ಅದಕ್ಕಿಂತ ಘೋರವಾದ ಸಂಗತಿಯೆಂದರೆ, ಗೊಬ್ಬರದ ಬೆಲೆಯುಳ್ಳ ಕಸವನ್ನು ಮನೆಯವರು ಇಟ್ಟುಕೊಂಡು, ಹೇಸಿಕೆ ಬರಿಸುವ ಕಸವನ್ನೆಲ್ಲ ಕೆಲವು ಜಾತಿಗಳ ಹೆಗಲಿಗೆ ಹೊರಿಸಿದ್ದರು. ಆದುದರಿಂದ ಆ ಕಾಲಕ್ಕೆ ಮರಳಬೇಕೆಂಬುದು ಸಲ್ಲದು. ಉಪಭೋಗದ ಒಡೆತನವೂ ಉಳಿಕೆಯ ಒಡೆತನವೂ ಒಂದೇ ಎಂಬ ತತ್ತ್ವವನ್ನಷ್ಟೇ ನಾವು ಅಲ್ಲಿಂದ ಆಯ್ದುಕೊಳ್ಳತಕ್ಕದ್ದು.

ಈಗಿನ ಸ್ಥಿತಿಯನ್ನು ನೋಡೋಣ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ, ಹೀಗೆ ನದಿಗಳಿದ್ದೂ ಮಳೆಗಾಗಿ ಬಾಯಿ ಬಿಡುತ್ತಿದ್ದ ಸೀಮೆಯಿದು. ಆಲಮಟ್ಟಿಯ ಅಣೆಕಟ್ಟಿನ ತರುವಾಯ ಕಾಲುವೆಗಳು ಬಂದವು; ಕಬ್ಬು ಬಂದಿತು; ಕಬ್ಬಿನ ಹಿಂದೆ ಸಕ್ಕರೆ ಕಾರಖಾನೆಗಳು ಬಂದವು; ಕೂಡಗಿಯಲ್ಲಿ ದೊಡ್ಡದೊಂದು ವಿದ್ಯುತ್ ಸ್ಥಾವರವೆದ್ದಿತು. ತಾಲೂಕಿನ ಊರುಗಳು ಪಟ್ಟಣಗಳಾದವು. ೨೦೧೧ರ ಜನಗಣತಿಯಲ್ಲಿ ಈ ನಾಲ್ಕೂ ಪಟ್ಟಣಗಳು ತಲಾ ೩೦ ಸಾವಿರದಿಂದ ೪೦ ಸಾವಿರದೊಳಗೆ ಜನಸಂಖ್ಯೆಯುಳ್ಳವಾಗಿದ್ದವು. ತಲೆಗೆ ದಿನವೊಂದಕ್ಕೆ ೩೦೦ ಗ್ರಾಂ ಕಸವೆಂದು ಕಡಿಮೆಯಾಗಿ ಹಿಡಿದರೂ ಅಂಥ ಒಂದೊಂದು ಪಟ್ಟಣದಿಂದ ನಿತ್ಯವೂ ಸುಮಾರು ೧೦ ಟನ್ನು ಕಸವು ಹೊರಡುವದು. ಅದರಲ್ಲಿ ಅರ್ಧಕ್ಕೆ ಹೊಲದ ದಾರಿ ಗೊತ್ತುಂಟು: ಕಾಯಿಪಲ್ಯದ ಸಿಪ್ಪೆ, ಉಳಿದ ಅನ್ನ, ಸಂತೆಯ ಸೊಪ್ಪು. ಇನ್ನರ್ಧವು ಪ್ಲಾಸ್ಟಿಕ್ಕಿನ ಚೀಲ, ಗುಟಕಾದ ಪುಡಿಕೆ, ಒಡೆದ ಗಾಜು, ಬ್ಯಾಟರಿ. ಇವುಗಳಿಗೆ ಯಾವ ಹೊಲವೂ ಬಾಯಿ ತೆರೆಯುವದಿಲ್ಲ. ಎರಡನ್ನೂ ನಾವು ಒಂದೇ ಬುಟ್ಟಿಯಲ್ಲಿ ಕಲಸಿ ಕಳಿಸುವದರಿಂದ ಗೊಬ್ಬರವಾಗಬೇಕಾದುದೂ ಕೆಡುವದು, ಗುಜರಿಗೆ ಹೋಗಬೇಕಾದುದೂ ಕೆಡುವದು.

ಕಳಿಸುವದಾದರೂ ಎಲ್ಲಿಗೆ? 'ಊರ ಹೊರಗೆ' ಎಂದು ನಾವು ಸಹಜವಾಗಿ ಉತ್ತರಿಸುತ್ತೇವೆ. ಈ 'ಹೊರಗೆ' ಎಂಬ ಶಬ್ದದಲ್ಲಿಯೇ ದೋಷವು ಅಡಗಿದೆ. ಒಂದೂರಿನ ಹೊರಗು ಮತ್ತೊಂದೂರಿನ ಹಿತ್ತಲಾಗಿರುವದು. ಬೆಂಗಳೂರಿನ ಮಹಾನಗರವು ತನ್ನ ಕಸವನ್ನು ಮಾವಳ್ಳಿಪುರಕ್ಕೂ ಮಂಡೂರಿಗೂ ವರ್ಷಗಟ್ಟಲೆ ಸಾಗಿಸಿತು. ಬಾವಿಯ ನೀರು ಕೆಟ್ಟಿತೆಂದು ಹಳ್ಳಿಗರು ಕೂಗಿಕೊಂಡರು. ೨೦೧೨ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ೨೦೧೪ರ ಕೊನೆಗೆ ಮಂಡೂರಿನದೂ ಮುಚ್ಚಿತು. ಹಳ್ಳಿಯವರು ಲಾರಿಗಳನ್ನು ತಡೆದಾಗಲೇ ಕಸವು ಬೀದಿಯಲ್ಲಿ ಬಿದ್ದು ನಾರಿತು. ನಾರಿದಾಗಲೇ ಅದು ತನ್ನದೆಂಬ ಅರಿವು ನಗರಕ್ಕಾಯಿತು. ವಿಜಯಪುರ ಜಿಲ್ಲೆಯ ಪಟ್ಟಣಗಳು ಅಷ್ಟು ದೊಡ್ಡವಲ್ಲ. ದೊಡ್ಡವಾಗುವ ಮೊದಲೇ ಪಾಠ ಕಲಿಯುವ ಸೌಭಾಗ್ಯವು ನಮಗಿನ್ನೂ ಉಳಿದಿದೆ.

ಮನೆಯ ಕಸವನ್ನು ಬಿಟ್ಟು ಕಾರಖಾನೆಯ ಕಸದ ಕಡೆಗೆ ತಿರುಗಿದರೆ ಇದೇ ತತ್ತ್ವವು ಇನ್ನೂ ಸ್ಪಷ್ಟವಾಗುವದು. ಸಕ್ಕರೆ ಕಾರಖಾನೆಯೊಂದರಲ್ಲಿ ಕಬ್ಬಿನ ಸಿಪ್ಪೆಯನ್ನು ಯಾರೂ ಹಳ್ಳಕ್ಕೆ ಚೆಲ್ಲುವದಿಲ್ಲ. ಅದು ಕುಲುಮೆಗೆ ಉರುವಲಾಗುವದು. ಕಾಕಂಬಿಯನ್ನು ಚೆಲ್ಲುವದಿಲ್ಲ, ಅದರಿಂದ ಮದ್ಯಸಾರವನ್ನು ಇಳಿಸುವರು. ರಸ ಸೋಸಿದ ಮಡ್ಡಿಯು ಗೊಬ್ಬರವಾಗುವದು. ಇವೆಲ್ಲಕ್ಕೂ ಬೆಲೆಯುಂಟು, ಆದುದರಿಂದ ಒಡೆಯನುಂಟು. ಆದರೆ ಕಾಕಂಬಿಯಿಂದ ಒಂದು ಲೀಟರು ಮದ್ಯಸಾರವನ್ನಿಳಿಸುವಲ್ಲಿ ೮ರಿಂದ ೧೫ ಲೀಟರಿನಷ್ಟು ಕಪ್ಪು ನೀರು ಉಳಿಯುವದು; ಅದು ಶುದ್ಧಿಯಾಗದೆ ಹಳ್ಳ ಸೇರಿದರೆ ನೀರಿನೊಳಗಿನ ಪ್ರಾಣವಾಯುವನ್ನೆಲ್ಲ ಹೀರಿ ಮೀನುಗಳನ್ನು ಕೊಲ್ಲುವದು. ಶುದ್ಧಿಮಾಡಲು ವೆಚ್ಚವುಂಟು, ಲಾಭವಿಲ್ಲ. ಬೆಲೆಯುಳ್ಳ ಉಳಿಕೆಗೆ ಗೋಡೆ, ಬೀಗ, ಕಾವಲುಗಾರ. ಬೆಲೆಯಿಲ್ಲದ ಉಳಿಕೆಗೆ ತೆರೆದ ಗಟಾರು. ಯಾವ ಮೇಲ್ವಿಚಾರಣೆಯೂ ಇಲ್ಲದಿದ್ದರೆ ವ್ಯಾಪಾರದ ಸ್ವಭಾವವು ಎಲ್ಲ ದೇಶಗಳಲ್ಲಿಯೂ ಹೀಗೆಯೇ ನಡೆಯುವದು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಮಾತನ್ನು ಕಟ್ಟಿದ ಜನರಿಗೆ ಹೊಳೆಯ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ಕೂಡಗಿಯ ವಿಷಯ. ಒಂದೊಂದು ೮೦೦ ಮೆಗಾವಾಟಿನ ಮೂರು ಘಟಕಗಳು, ಒಟ್ಟು ೨,೪೦೦ ಮೆಗಾವಾಟು. ಕಲ್ಲಿದ್ದಲಿನಿಂದ ಒಂದು ಯೂನಿಟ್ಟು ವಿದ್ಯುತ್ತು ಹುಟ್ಟಬೇಕಾದರೆ ಸುಮಾರು ೬೦೦ ಗ್ರಾಮಿಗೂ ಮೇಲ್ಪಟ್ಟು ಕಲ್ಲಿದ್ದಲು ಉರಿಯಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು ಬೂದಿಯೆಂದು ಸ್ಥೂಲವಾಗಿ ಹಿಡಿಯಬಹುದು. ಅಂದಬಳಿಕ ಯೂನಿಟ್ಟಿಗೆ ೨೦೦ ಗ್ರಾಂ ಬೂದಿ. ತಿಂಗಳಿಗೆ ಅಂಥ ೧೦೦ ಯೂನಿಟ್ಟುಗಳನ್ನು ಬಳಸುವ ಮನೆಯು ೨೦ ಕಿಲೋ ಬೂದಿಯನ್ನು ಹುಟ್ಟಿಸುವದು. ಹಿಂದಿನ ಗೃಹಿಣಿಯು ಒಲೆಯ ಬೂದಿಯನ್ನು ತಾನೇ ಬಳಿದು ತಿಪ್ಪೆಗೆ ಹಾಕುತ್ತಿದ್ದಳು. ನಮ್ಮ ದೀಪದ ಬೂದಿಯನ್ನು ನಾವು ಕಾಣುವದೇ ಇಲ್ಲ. ದಕ್ಷಿಣದ ಹಲವು ರಾಜ್ಯಗಳಲ್ಲಿ ದೀಪ ಉರಿಯುವದು. ಬೂದಿಯು ಬಾಗೇವಾಡಿಯ ಸೀಮೆಯಲ್ಲಿ ಉಳಿಯುವದು.

ಈ ಸ್ಥಾವರದ ಇತಿಹಾಸದಲ್ಲಿ ಒಂದು ಶಬ್ದದ ವಿಚಾರವು ನಮ್ಮ ಚರ್ಚೆಗೆ ಬಹಳ ಉಪಯುಕ್ತವಾಗಿದೆ. ಇದಕ್ಕೆ ದೊರೆತ ಪರಿಸರ ಅನುಮತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ದಕ್ಷಿಣ ಪೀಠವು ೨೦೧೪ರ ಮಾರ್ಚ್ ತಿಂಗಳಲ್ಲಿ ತಡೆಹಿಡಿಯಿತು. ವಾದದ ಮುಖ್ಯಾಂಶಗಳಲ್ಲೊಂದು, ಆ ನೆಲವನ್ನು ಬಂಜರೆಂದೂ ಕಲ್ಲುನೆಲವೆಂದೂ ವರ್ಣಿಸಿದ್ದು ಸರಿಯೇ ಎಂಬುದಾಗಿತ್ತು. ಅದೇ ವರ್ಷದ ಜುಲೈಯಲ್ಲಿ ಪ್ರತಿಭಟನೆಯು ಉಗ್ರವಾಗಿ, ಪೋಲೀಸರ ಗುಂಡಿಗೆ ರೈತರು ಗಾಯಗೊಂಡರು. ಮುಂದೆ ಸ್ಥಾವರವು ಪೂರ್ಣಗೊಂಡು ನಡೆಯಹತ್ತಿತು. ಆ ವಾದದ ತೀರ್ಪನ್ನು ಇಲ್ಲಿ ಮತ್ತೆ ಬರೆಯುವದು ನನ್ನ ಕೆಲಸವಲ್ಲ. ಆದರೆ ಒಂದು ನೆಲಕ್ಕೆ 'ಬಂಜರು' ಎಂಬ ಹೆಸರು ಅಂಟಿದೊಡನೆ ಅಲ್ಲಿ ಏನು ಸುರಿದರೂ ಸಲ್ಲುವದೆಂಬ ಭಾವನೆಯು ಹುಟ್ಟುವದೆಂಬುದನ್ನು ಗಮನಿಸಬೇಕು. ಗಾಯರಾಣವು ದನ ಕಾಯುವವನಿಗೆ ಬಂಜರಲ್ಲ. ಹಳ್ಳದ ದಂಡೆಯು ಬಟ್ಟೆ ಒಗೆಯುವವಳಿಗೆ ಬಂಜರಲ್ಲ. ನೆಲವನ್ನು ಕಸವೆಂದು ಕರೆದ ಮೇಲೆಯೇ ನಾವು ಅದರ ಮೇಲೆ ಕಸವನ್ನು ಚೆಲ್ಲುವದು. ಹಾಗೆ ಕರೆಯುವ ಅಧಿಕಾರವು ಅಲ್ಲಿ ಬಾಳುವವರಿಗೆ ಇರಬೇಕಲ್ಲದೆ ಅಲ್ಲಿಂದ ಲಾಭ ಪಡೆಯುವವರಿಗಲ್ಲ.

ಕಾಯದೆಗಳು ಹುಟ್ಟಿದ್ದು ಇದೇ ಕಾರಣದಿಂದ. ೧೯೭೪ರ ಜಲ ಕಾಯದೆ, ೧೯೮೧ರ ವಾಯು ಕಾಯದೆ, ಭೋಪಾಳದ ದುರಂತದ ತರುವಾಯ ೧೯೮೬ರ ಪರಿಸರ ಸಂರಕ್ಷಣಾ ಕಾಯದೆ, ಇವುಗಳನ್ನು ಅನೇಕರು ಉದ್ಯಮದ ಕಾಲಿಗೆ ತೊಡಿಸಿದ ಬೇಡಿಗಳೆಂದು ಬಗೆಯುತ್ತಾರೆ. ವಿಚಾರಿಸಿ ನೋಡಿದರೆ ಇವು ತಿಪ್ಪೆಯ ಧರ್ಮದ ವಿಸ್ತಾರವೇ ಆಗಿವೆ: ಕಸಕ್ಕೆ ಕಳೆದುಹೋದ ಒಡೆಯನನ್ನು ಹುಡುಕಿ ಕೊಡುವ ಪ್ರಯತ್ನಗಳು. ೧೯೯೯ರಲ್ಲಿ ಕೇಂದ್ರ ಸರಕಾರವು ಸ್ಥಾವರಗಳ ಬೂದಿಯನ್ನು ಸುತ್ತಲಿನ ಇಟ್ಟಂಗಿ ಭಟ್ಟಿಗಳು ಬಳಸತಕ್ಕದ್ದೆಂದು ವಿಧಿಸಿತು; ೨೦೨೧ರ ಕೊನೆಯಲ್ಲಿ, ಹುಟ್ಟಿದ ಬೂದಿಯನ್ನು ಗೊತ್ತಾದ ವರ್ಷಗಳೊಳಗೆ ಪೂರ್ತಿಯಾಗಿ ಉಪಯೋಗಕ್ಕೆ ತರುವ ಹೊಣೆಯನ್ನು ಸ್ಥಾವರದ ಮೇಲೆಯೇ ಹೊರಿಸಿತು. ಅಲ್ಮಿತ್ರಾ ಪಟೇಲ ಎಂಬ ಮಹಿಳೆಯು ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯ ಫಲವಾಗಿ ೨೦೦೦ದಲ್ಲಿ ಪಟ್ಟಣದ ಘನಕಸದ ನಿಯಮಗಳು ಬಂದವು. ೨೦೧೬ರಲ್ಲಿ ಅವುಗಳನ್ನು ತಿದ್ದಿ ಬರೆದಾಗ, ಹಸಿ ಕಸ, ಒಣ ಕಸ, ಅಪಾಯದ ಕಸವೆಂದು ಬೇರ್ಪಡಿಸುವ ಕರ್ತವ್ಯವು ಮನೆಮನೆಗೂ ಸೇರಿತು.

ತಮಿಳುನಾಡಿನ ಚರ್ಮ ಹದಮಾಡುವ ಕಾರಖಾನೆಗಳ ಮೊಕದ್ದಮೆಯಲ್ಲಿ ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೆಡಿಸಿದವನೇ ಅದರ ವೆಚ್ಚ ತೆರತಕ್ಕದ್ದೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಇದು ಉತ್ತಮವಾದ ತತ್ತ್ವ. ಆದರೆ ಇದನ್ನು ತಲೆಕೆಳಗಾಗಿ ಓದುವ ಅಪಾಯವುಂಟು. ಕೆಡಿಸಿದವನು ತೆರಬೇಕೆಂಬುದು, ತೆರಬಲ್ಲವನು ಕೆಡಿಸಬಹುದೆಂದು ಆಗಬಾರದು. ದಂಡವು ಬೇರೆ, ಬೆಲೆಯು ಬೇರೆ. ಬೆಲೆ ಕೊಟ್ಟವನಿಗೆ ವಸ್ತುವಿನ ಮೇಲೆ ಹಕ್ಕು ಬರುವದು. ದಂಡ ಕೊಟ್ಟವನಿಗೆ ಯಾವ ಹಕ್ಕೂ ಬರುವದಿಲ್ಲ, ತಪ್ಪು ತಪ್ಪಾಗಿಯೇ ಉಳಿಯುವದು. ವರ್ಷವೂ ದಂಡವನ್ನು ಲೆಕ್ಕದ ಪುಸ್ತಕದಲ್ಲಿ ಖರ್ಚೆಂದು ಬರೆದು ವರ್ಷವೂ ಅದೇ ಕೊಳೆಯನ್ನು ಹರಿಸುವವನು ಕಾಯದೆಯನ್ನು ಪಾಲಿಸಿದಂತಾಗಲಿಲ್ಲ, ಹೊಳೆಯನ್ನು ಕೊಂಡುಕೊಂಡಂತಾಯಿತು.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಈ ತಾಲೂಕುಗಳಿಂದ ಜನರು ಗೋವೆಗೂ ಪುಣೆಗೂ ಮುಂಬಯಿಗೂ ಗುಳೆ ಹೋಗುತ್ತಾರೆ. ಊರಲ್ಲಿ ಕೆಲಸವಿಲ್ಲದವನಿಗೆ ಶುದ್ಧವಾದ ಗಾಳಿಯನ್ನು ಬೋಧಿಸುವದು ಹೊಟ್ಟೆ ತುಂಬಿದವರ ಮಾತಲ್ಲವೇ ಎಂದು ಕೇಳುವರು. ಪ್ರಶ್ನೆಯು ನ್ಯಾಯವಾದದ್ದು. ಕಾರಖಾನೆಗಳು ಬೇಡವೆನ್ನುವದು ನನ್ನ ಪಕ್ಷವಲ್ಲ. ಗುಳೆ ಹೋಗುವ ಒಂದು ಕುಟುಂಬವು ತನ್ನೂರಲ್ಲಿ ಉಳಿದರೆ ಅದು ದೊಡ್ಡ ಪುಣ್ಯ. ಆದರೆ ಕೆಲಸ ಬೇಡಿದವನು ಕೊಳೆಯನ್ನು ಬೇಡಿಲ್ಲ. ಕೂಲಿ ಸಿಕ್ಕುವವನು ಒಬ್ಬ, ಬಾವಿ ಕೆಡುವವನು ಮತ್ತೊಬ್ಬನಾಗಿರುವದೇ ಹೆಚ್ಚು. ಒಬ್ಬನ ಅನ್ನವನ್ನು ಮುಂದೆ ಮಾಡಿ ಮತ್ತೊಬ್ಬನ ನೀರನ್ನು ಕಸಿಯುವದು ಬಡತನದ ಪರಿಹಾರವಾಗಲಾರದು. ಉಳಿಕೆಯ ವೆಚ್ಚವನ್ನು ತೆತ್ತ ಮೇಲೆಯೂ ಲಾಭ ಉಳಿಯದ ಉದ್ಯಮವು ವಾಸ್ತವವಾಗಿ ಲಾಭದ ಉದ್ಯಮವೇ ಅಲ್ಲ. ಅದು ನೆರೆಯವರ ಸಾಲದ ಮೇಲೆ ನಡೆಯುವ ವ್ಯವಹಾರ.

ಎರಡನೆಯ ಆಕ್ಷೇಪವು ನಮ್ಮಂಥ ಸುಶಿಕ್ಷಿತರದು: ಪುರಸಭೆಗೆ ಕರ ಕೊಡುತ್ತೇವೆ, ಉಳಿದದ್ದು ಅವರ ಕೆಲಸ. ಪುರಸಭೆಯ ಕರ್ತವ್ಯವನ್ನು ಯಾರೂ ಅಲ್ಲಗಳೆಯುವದಿಲ್ಲ. ಆದರೆ ಕಲಸಿದ ಕಸವನ್ನು ಬೇರ್ಪಡಿಸುವದು ಯಾವ ಯಂತ್ರಕ್ಕೂ ಸುಲಭವಲ್ಲ. ಯಾವದು ಏನೆಂಬುದು ಚೆಲ್ಲುವವನಿಗೆ ಚೆಲ್ಲುವ ಗಳಿಗೆಯಲ್ಲಿ ಪುಕ್ಕಟೆಯಾಗಿ ಗೊತ್ತಿರುವದು. ಅನಂತರ ಅದೇ ಜ್ಞಾನವನ್ನು ಸಂಪಾದಿಸಲು ಒಬ್ಬ ಮನುಷ್ಯನು ತನ್ನ ಕೈಗಳನ್ನು ಗಾಜಿನ ಚೂರು, ಸೂಜಿ, ಕೊಳೆತ ಅನ್ನಗಳ ನಡುವೆ ಹಾಕಬೇಕಾಗುವದು. ಆ ಕೈಗಳು ಯಾರವು? ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ಕರ್ನಾಟಕದಲ್ಲಿ ೧೯೭೦ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು; ೨೦೧೩ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಹೊಸ ಕಾಯದೆಯೂ ಬಂದಿತು. ಆದರೂ ನಮ್ಮ ಬುಟ್ಟಿಯನ್ನು ನಾವೇ ಎರಡಾಗಿ ಮಾಡದಿದ್ದಲ್ಲಿ ಅದೇ ಹಳೆಯ ಹೊರೆಯನ್ನು ಅದೇ ಹೆಗಲುಗಳಿಗೆ ಹೊಸ ಹೆಸರಿನಿಂದ ಹೊರಿಸಿದಂತಾಗುವದು.

ಬಾಗೇವಾಡಿಯು ಬಸವಣ್ಣನವರು ಹುಟ್ಟಿದ ನೆಲ. ಅವರ ಕಾಲದ ಶರಣರಲ್ಲಿ ಸತ್ಯಕ್ಕನೆಂಬವಳ ಕಾಯಕವು ಅಂಗಳದ ಕಸ ಗುಡಿಸುವದಾಗಿತ್ತು. ಆ ಕಾಯಕವನ್ನು ಮಂತ್ರಿಯ ಕಾಯಕದೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸಿದ ಪರಂಪರೆಯು ನಮ್ಮದು. ಅದನ್ನು ಸಭೆಗಳಲ್ಲಿ ಹೊಗಳುವದು ಸುಲಭ. ಆದರೆ ಕಸ ಗುಡಿಸುವವರಿಗೆ ಕೈಚೀಲ, ಸರಿಯಾದ ಸಂಬಳ, ಗೌರವದ ಮಾತು ದೊರೆಯುವಂತೆ ಮಾಡಿ, ಅವರ ಕೆಲಸವನ್ನು ನಮ್ಮ ಅಲಕ್ಷ್ಯದಿಂದ ಹೊಲಸು ಮಾಡದಿರುವದೇ ಆ ಪರಂಪರೆಗೆ ತಕ್ಕ ನಡತೆ.

ಇಷ್ಟರಿಂದ ಫಲಿಸುವ ಕರ್ತವ್ಯಗಳು ದೊಡ್ಡವಲ್ಲ. ಮನೆಯಲ್ಲಿ ಹಸಿಯನ್ನೂ ಒಣವನ್ನೂ ಬೇರೆಯಿಡುವದು. ಹಿತ್ತಲಿದ್ದವರು ಹಸಿಯನ್ನು ಅಲ್ಲಿಯೇ ಗೊಬ್ಬರ ಮಾಡುವದು. ನಮ್ಮ ಊರ ಕಸವು ಯಾವ ಹಳ್ಳಿಯ ಸೀಮೆಗೆ ಹೋಗುವದೆಂಬುದನ್ನು ವರ್ಷಕ್ಕೊಮ್ಮೆಯಾದರೂ ಹೋಗಿ ಕಣ್ಣಾರೆ ನೋಡುವದು. ಆ ಹಳ್ಳಿಯವರನ್ನು ಕೇಳುವದು. ೨೦೦೬ರ ಅಧಿಸೂಚನೆಯ ಮೇರೆಗೆ ದೊಡ್ಡ ಉದ್ಯಮಗಳಿಗೆ ಅನುಮತಿ ಕೊಡುವ ಪೂರ್ವದಲ್ಲಿ ಸಾರ್ವಜನಿಕ ಅಹವಾಲು ಸಭೆಯಾಗಬೇಕೆಂದು ವಿಧಿಸಲಾಗಿದೆ. ಓದು ಬಲ್ಲವರು ಅಂಥ ಸಭೆಗಳಿಗೆ ಹೋಗಿ, ಇಂಗ್ಲಿಷಿನ ದಪ್ಪ ವರದಿಯಲ್ಲಿ ಏನಿದೆಯೆಂಬುದನ್ನು ಓದಲಾರದ ರೈತನಿಗೆ ಕನ್ನಡದಲ್ಲಿ ತಿಳಿಸಿಕೊಡುವದು ಒಂದು ಘನವಾದ ಸಾಹಿತ್ಯಸೇವೆಯೇ ಆದೀತು. ತನ್ನ ಉಳಿಕೆಯು ಯಾರ ಬಾಗಿಲಿಗೆ ಹೋಗಿ ಬಿದ್ದಿದೆಯೆಂದು ಬಲ್ಲವನೇ ತನ್ನ ಸಂಪತ್ತಿಗೆ ನಿಜವಾದ ಒಡೆಯನು. ಈ ವಿಚಾರವು ಸರಿಯೆಂದು ತೋರಿದ ಮಹನೀಯರು ನಾಳೆ ಬೆಳಗಿನ ಕಸದ ಬಂಡಿ ಬರುವದರೊಳಗಾಗಿ ಎರಡನೆಯ ಬುಟ್ಟಿಯೊಂದನ್ನು ಬಾಗಿಲಲ್ಲಿ ಇಡಬೇಕೆಂದು ವಿನಂತಿ.