ತಲೆಯ ಮೇಲಿನ ಬಟ್ಟೆ ಯಾರದು?

1936ರ ಜನವರಿಯಲ್ಲಿ ಇರಾನಿನ ರೆಝಾ ಶಾಹ್ ಹೆಂಗಸರು ಚಾದರ ಹೊದೆಯಕೂಡದೆಂದು ಆಜ್ಞೆ ಹೊರಡಿಸಿದರು. ದೇಶ ಆಧುನಿಕವಾಗಬೇಕಿತ್ತು. ಪೊಲೀಸರು ಬೀದಿಯಲ್ಲಿ ಹೆಂಗಸರ ತಲೆಯಿಂದ ಬಟ್ಟೆ ಎಳೆದರು. ಎಷ್ಟೋ ಮಂದಿ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟರು. 1941ರಲ್ಲಿ ಶಾಹ್ ಸಿಂಹಾಸನ ಬಿಟ್ಟಿಳಿದ ಮೇಲೆಯೇ ಈ ಬಿಗಿ ಸಡಿಲವಾದದ್ದು. 1979ರಲ್ಲಿ ಕ್ರಾಂತಿಯಾಯಿತು. 1983ರ ಕಾನೂನು ತಲೆ ಮುಚ್ಚದ ಹೆಣ್ಣಿಗೆ 74 ಛಡಿಯೇಟು ಎಂದಿತು. ಅಜ್ಜಿಯ ಚಾದರ ಕಿತ್ತವರೂ ಪೊಲೀಸರೇ, ಮೊಮ್ಮಗಳಿಗೆ ಹೊದಿಸಿದವರೂ ಪೊಲೀಸರೇ. ಇಬ್ಬರನ್ನೂ ಯಾರೂ ಒಂದು ಮಾತು ಕೇಳಲಿಲ್ಲ.

ಇಷ್ಟು ದೂರದ ಕಥೆ ಈಗೇಕೆ ಎಂದರೆ, 2022 ಎಂಬ ಒಂದೇ ವರ್ಷ ನಮ್ಮನ್ನು ಎರಡು ಸಲ ಪರೀಕ್ಷಿಸಿತು.

ಆ ಫೆಬ್ರವರಿ 5ರಂದು ಕರ್ನಾಟಕ ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಸ್ಕಾರ್ಫ್ ತೊಟ್ಟ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಂತರು. ಸಮವಸ್ತ್ರಕ್ಕೆ ಅದರದೇ ಆದ ನ್ಯಾಯವಿದೆ, ಒಪ್ಪೋಣ. ಬಡವರ ಮಗಳೂ ಸಾಹುಕಾರರ ಮಗಳೂ ಒಂದೇ ಬಟ್ಟೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುವುದು ಸಣ್ಣ ಸಂಗತಿಯಲ್ಲ. ಆದರೆ ಈ ಹುಡುಗಿಯರು ಸಮವಸ್ತ್ರ ಬೇಡವೆನ್ನಲಿಲ್ಲ. ಅದೇ ಬಣ್ಣದ ದುಪಟ್ಟಾವನ್ನು ತಲೆಗೂ ಹೊದೆಯುತ್ತೇವೆ ಎಂದರು. ಮಾರ್ಚ್ 15ರಂದು ಹೈಕೋರ್ಟ್ ಅದಕ್ಕೂ ಒಪ್ಪಲಿಲ್ಲ. ಆಗ ನಾವು ಸಂವಿಧಾನ, ಆಯ್ಕೆ, ಸ್ವಾತಂತ್ರ್ಯ ಎಂದು ಗಂಟಲು ಹರಿಯುವಂತೆ ಮಾತನಾಡಿದೆವು. ಸರಿಯಾಗಿಯೇ ಮಾತನಾಡಿದೆವು.

ಸೆಪ್ಟೆಂಬರ್ 16ರಂದು ತೆಹ್ರಾನಿನಲ್ಲಿ 22 ವರ್ಷದ ಮಹ್ಸಾ ಅಮೀನಿ ತೀರಿಕೊಂಡಳು. ಹಿಜಾಬ್ ಸರಿಯಾಗಿಲ್ಲವೆಂದು ಅವಳನ್ನು ಹಿಡಿದೊಯ್ದಿದ್ದರು. ನಮ್ಮಲ್ಲಿ ಹಲವರು ಗಂಟಲು ಸರಿಪಡಿಸಿಕೊಂಡು, ಅದರ ಹಿಂದೆ ಅಮೇರಿಕವಿದೆ ಎಂದೆವು. ಫೆಬ್ರವರಿಯಲ್ಲಿ ನಮ್ಮ ಹುಡುಗಿಯರ ಬಗ್ಗೆ ಬಾಯಿ ಬಿಡದವರು ಆಗ ತೆಹ್ರಾನಿನ ಹುಡುಗಿಯರಿಗಾಗಿ ಕಣ್ಣೀರು ಹಾಕಿದರು ಎಂಬುದೂ ನಿಜ. ಅವರ ಲೆಕ್ಕ ಅವರಿಗಿರಲಿ.

ನಮ್ಮ ತಾತಂದಿರು ಶೇರ್ವಾನಿ ತೊಟ್ಟು, ರೂಮಿ ಟೋಪಿ ಇಟ್ಟು ಓಡಾಡಿದರು. ನಾವು ಪ್ಯಾಂಟು ಶರಟಿಗೆ ಬಂದೆವು; ಟೋಪಿ ನಮಾಝಿನ ಹೊತ್ತಿಗೆ ಜೇಬಿನಿಂದ ಹೊರಬರುತ್ತದೆ. ಇದಕ್ಕೆ ಯಾವ ಫತ್ವಾವೂ ಬೇಕಾಗಲಿಲ್ಲ, ಜಮಾತಿನ ಸಭೆಯೂ ಸೇರಲಿಲ್ಲ. ಸೂರಃ ಅನ್ನೂರ್‌ನಲ್ಲಿ ಹೆಂಗಸರ ಹೊದಿಕೆಯ ಮಾತು ಬರುವುದು 31ನೆಯ ಆಯತಿನಲ್ಲಿ. ಅದಕ್ಕೆ ಮೊದಲು, 30ರಲ್ಲಿ, ಗಂಡಸರಿಗೆ ದೃಷ್ಟಿ ತಗ್ಗಿಸಲು ಹೇಳಿದೆ. ನಮ್ಮ ಮೊಹಲ್ಲಾಗಳ ಭಾಷಣಗಳು ಹೆಚ್ಚಾಗಿ 31ರಿಂದಲೇ ಶುರುವಾಗುತ್ತವೆ.

ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹಿಜಾಬ್ ತೊಟ್ಟಳೆಂಬ ಕಾರಣಕ್ಕೆ ಓದು ತಪ್ಪಿಸಿ ಹೆಣ್ಣುಮಗಳ ಬಾಳನ್ನು ನಾವು ಹಸನು ಮಾಡುತ್ತಿದ್ದೇವೆಯೇ ಎಂದು ನ್ಯಾಯಮೂರ್ತಿ ಸುಧಾಂಶು ಧುಲಿಯಾ ಕೇಳಿದ್ದರು. ನಾವು ಆ ಮಾತನ್ನು ಎಲ್ಲರಿಗೂ ಓದಿ ಹೇಳಿದೆವು. ಬುರ್ಖಾ ಹಾಕದಿದ್ದರೆ ಕಾಲೇಜೇ ಬೇಡ ಎಂದು ಮಗಳನ್ನು ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿದ ತಂದೆಗೆ ಮಾತ್ರ ಓದಿ ಹೇಳಲಿಲ್ಲ. ಅಂಥ ತಂದೆಯರು ಈ ಪತ್ರಿಕೆಯ ಓದುಗರಲ್ಲೂ ಇರಬಹುದು. ಬರೆಯುವವರಲ್ಲಿ ಇಲ್ಲವೆಂದು ಹೇಳಲಾರೆವು.