ಕಥೆ ಹೇಳುವ ಕೈಗಳು



ನಿಮ್ಮ ಮಗುವಿಗೆ ನೀವು ಕಲಿಸಿದ ಮೊದಲ ಪ್ರಾರ್ಥನೆ ಯಾವುದು? ಮಾತು ಬಾರದ ಕೂಸಿನ ಪುಟ್ಟ ಕೈ ಹಿಡಿದು ಹಣೆಗೆ, ಎದೆಗೆ, ಭುಜಗಳಿಗೆ ಮುಟ್ಟಿಸಿ ಹಾಕಿಸಿದ ಶಿಲುಬೆಯ ಗುರುತೇ ಅಲ್ಲವೇ? ಪದಗಳ ಅರ್ಥ ತಿಳಿಯುವ ಮೊದಲೇ ಮಗುವಿನ ಕೈ ಪ್ರಾರ್ಥಿಸಲು ಕಲಿಯಿತು.

ಪ್ರಭು ಯೇಸುವೂ ಬಾಯಿಮಾತಿನಿಂದ ಮಾತ್ರ ಬೋಧಿಸಲಿಲ್ಲ. ಮಕ್ಕಳನ್ನು ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು ಹರಸಿದರು (ಮಾರ್ಕ 10:16). ಕಿವುಡನನ್ನು ಗುಂಪಿನಿಂದ ಪಕ್ಕಕ್ಕೆ ಕರೆದೊಯ್ದು ಅವನ ಕಿವಿಗಳಲ್ಲಿ ಬೆರಳಿಟ್ಟರು, ನಾಲಿಗೆಯನ್ನು ಮುಟ್ಟಿದರು (ಮಾರ್ಕ 7:33). ಕಿವಿ ಕೇಳದವನಿಗೆ ಮೊದಲು ಅರ್ಥವಾದದ್ದು ಆ ಸ್ಪರ್ಶ. ಕೊನೆಯ ಭೋಜನದ ರಾತ್ರಿ ಪ್ರೀತಿಯ ಪಾಠವನ್ನು ಶಿಷ್ಯರ ಪಾದ ತೊಳೆದು ಕಲಿಸಿದರು.

ಕೈಯಿಂದ ಕಥೆ ಹೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಹಂಪಿಯ ಹಜಾರರಾಮ ದೇವಾಲಯದ ಗೋಡೆಯ ಮೇಲೆ 15ನೇ ಶತಮಾನದ ಶಿಲ್ಪಿಗಳು ರಾಮಾಯಣವನ್ನು ಸಾಲುಸಾಲಾಗಿ ಕೆತ್ತಿದ್ದಾರೆ. ಅಕ್ಷರ ಬಾರದವರೂ ಅಲ್ಲಿ ಕಥೆಯನ್ನು ನೋಡಿಯೇ ತಿಳಿಯಬಹುದು. 2023ರಲ್ಲಿ ನಿಧನರಾದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಗಳಲ್ಲಿ ರಾಮಾಯಣವನ್ನಷ್ಟೇ ಅಲ್ಲ, ಗಾಂಧೀಜಿಯ ಕಥೆಯನ್ನೂ ಆಡಿಸಿದರು. ಪರದೆಯ ಹಿಂದಿನ ಕೈ ಅಲುಗಿದಾಗ ಪರದೆಯ ಮುಂದೆ ಕುಳಿತ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ನಮಗೆ ಗೊಂಬೆಯೂ ಬೇಡ, ಪರದೆಯೂ ಬೇಡ. ಹತ್ತು ಬೆರಳು ಸಾಕು.

ಬಿರುಗಾಳಿಯ ಕಥೆಯಿಂದ ಆರಂಭಿಸಿ (ಮಾರ್ಕ 4:35-41). ಎರಡೂ ಅಂಗೈಗಳನ್ನು ಬೊಗಸೆ ಮಾಡಿ. ಪೇತ್ರನ ದೋಣಿ ನಮ್ಮ ತುಂಗಭದ್ರೆಯ ಹರಿಗೋಲಿನಂತೆ ದುಂಡಗಿರಲಿಲ್ಲ, ನಿಜ. ಆದರೂ ಹಂಪಿಯಲ್ಲಿ ಹರಿಗೋಲು ಓಲಾಡುವುದನ್ನು ಕಂಡ ಮಗುವಿಗೆ ಬೊಗಸೆ ಕಂಡೊಡನೆ ದೋಣಿ ಕಾಣುತ್ತದೆ. ಬೊಗಸೆಯನ್ನು ಮೆಲ್ಲಗೆ, ಆಮೇಲೆ ಜೋರಾಗಿ ತೂಗಿ. ಕೆನ್ನೆಗೆ ಕೈಯಿಟ್ಟು ತಲೆ ವಾಲಿಸಿ: ಯೇಸು ನಿದ್ರಿಸುತ್ತಿದ್ದಾರೆ. ಕೊನೆಗೆ ಅಂಗೈಯನ್ನು ಮೇಲಿನಿಂದ ನಿಧಾನವಾಗಿ ಕೆಳಗಿಳಿಸಿ, ಸುಮ್ಮನಿರಿ. ಹತ್ತು ಎಣಿಸುವಷ್ಟು ಹೊತ್ತು ಏನೂ ಹೇಳಬೇಡಿ. ಆ ಮೌನದಲ್ಲಿ ಗಾಳಿ ನಿಂತದ್ದು ಮಗುವಿಗೆ ತಾನಾಗಿ ತಿಳಿಯುತ್ತದೆ.

ಪಾರ್ಶ್ವವಾಯು ರೋಗಿಯ ಕಥೆಯಲ್ಲಿ (ಮಾರ್ಕ 2:1-12) ನಾಲ್ಕು ಬೆರಳು ನಾಲ್ವರು ಗೆಳೆಯರು, ಹೆಬ್ಬೆರಳು ರೋಗಿ. ಕಂಪ್ಲಿ, ಸಂಡೂರಿನ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳನ್ನು ಬಲ್ಲ ಅಜ್ಜಂದಿರಿಗೆ ಇದನ್ನು ವಿವರಿಸಬೇಕಿಲ್ಲ. ಮಾಳಿಗೆ ಏರುವುದು ಹೇಗೆ, ಅದರ ಮಣ್ಣು ತೆಗೆದು ಕಿಂಡಿ ಮಾಡುವುದು ಹೇಗೆ, ಅವರೇ ಹೇಳಲಿ. ಕಪೆರ್ನವುಮಿನ ಮನೆಯೂ ಅಂಥದ್ದೇ ಆಗಿತ್ತು.

ಕಳೆದುಹೋದ ಕುರಿಗೆ ಐದು ಬೆರಳು ಸಾಕು. ಹೆಬ್ಬೆರಳನ್ನು ಮುಷ್ಟಿಯಲ್ಲಿ ಅಡಗಿಸಿ, 'ಒಂದು ಎಲ್ಲಿ?' ಎಂದು ಕೇಳಿ. ಮಗು ಹುಡುಕಲಿ. ಸಿಕ್ಕ ಮೇಲೆ ಅದನ್ನು ಹೆಗಲಿಗೇರಿಸಿ ತೋರಿಸಿ. ಕಂಬಳಿ ಹೊದ್ದು ಮರಿಯನ್ನು ಹೆಗಲ ಮೇಲೆ ಹೊತ್ತು ನಡೆಯುವ ಕುರಿಗಾಹಿ ನಮ್ಮ ಮಕ್ಕಳಿಗೆ ಅಪರಿಚಿತನಲ್ಲ. ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಹೊಸಪೇಟೆಯಂಥ ಊರಿನಲ್ಲಿ ಈ ಕೈಮಾತಿಗೆ ಅನುವಾದ ಬೇಕಾಗುವುದಿಲ್ಲ.

ಎರಡು ಮಾತು ನೆನಪಿರಲಿ. ಒಂದು, ಕಥೆಗೆ ಮೂರೋ ನಾಲ್ಕೋ ಸನ್ನೆ ಸಾಕು. ಪ್ರತಿ ಪದಕ್ಕೂ ಕೈಯಾಡಿಸಿದರೆ ಮಗು ನಗುತ್ತದೆ, ಕಥೆ ಮರೆಯುತ್ತದೆ. ಎರಡು, ಮರುದಿನ ಅದೇ ಕಥೆಯನ್ನು ಮಗುವಿನ ಕೈಯಿಂದಲೇ ಹೇಳಿಸಿ. ಅದು ಬಿಟ್ಟದ್ದು, ಸೇರಿಸಿದ್ದು ಎರಡನ್ನೂ ತಾಳ್ಮೆಯಿಂದ ನೋಡಿ. ಅದರ ಮನಸ್ಸಿಗೆ ಏನು ತಾಗಿದೆಯೆಂದು ಅಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಮಾತಿದೆ, ಪ್ರಿಯರೇ. ಅದು ಕಠಿಣವಾದದ್ದು. ಸಂಜೆ ದುಂದುಗಾರ ಮಗನ ತಂದೆಯಂತೆ ತೋಳು ಚಾಚಿ ತೋರಿಸಿದ ಕೈ, ರಾತ್ರಿ ಅಂಕಪಟ್ಟಿ ನೋಡಿ ಮಗುವಿನ ಬೆನ್ನ ಮೇಲೆ ಬಿದ್ದರೆ? ಕುಡಿದು ಬಂದು ಅದರ ತಾಯಿಯ ಮೇಲೆ ಎದ್ದರೆ? ಮಗು ಯಾವ ಕಥೆಯನ್ನು ನಂಬಬೇಕು? ತಂದೆಯಾದ ದೇವರ ಕೈ ಹೇಗಿರುತ್ತದೆಂದು ಅದು ಮೊದಲು ಊಹಿಸುವುದು ಮನೆಯ ತಂದೆಯ ಕೈ ನೋಡಿ. ಎರಡನೇ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಕರೆದು, ತಂದೆತಾಯಿಗಳೇ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರೆಂದು ಸಾರಿತು. ಭಾನುವಾರದ ಧರ್ಮೋಪದೇಶ ತರಗತಿ ಆ ಹೊಣೆಗೆ ನೆರವಾಗಬಹುದು, ಹೊಣೆಯನ್ನೇ ಹೊರಲಾರದು.

ಗಣಿಯಲ್ಲಿ, ಗದ್ದೆಯಲ್ಲಿ, ಅಂಗಡಿಯಲ್ಲಿ ದುಡಿದು ಬಂದ ಕೈ ದಣಿದಿರುತ್ತದೆ, ನಿಜ. ಮೋಶೆಯ ಕೈಗಳೂ ಸೋತವು. ಆಗ ಆರೋನನೂ ಹೂರನೂ ಎರಡೂ ಕಡೆ ನಿಂತು ಅವನ್ನು ಎತ್ತಿಹಿಡಿದರು (ವಿಮೋಚನಾಕಾಂಡ 17:12). ನಿಮ್ಮ ಮನೆಯಲ್ಲಿ ಅಜ್ಜಿ ಇದ್ದಾರೆ, ಅಣ್ಣ ಅಕ್ಕ ಇದ್ದಾರೆ, ಜ್ಞಾನಸ್ನಾನದ ಮಾತಾಪಿತರಿದ್ದಾರೆ. ಒಂದು ದಿನ ನೀವು, ಒಂದು ದಿನ ಅವರು.

ಇಂದು ರಾತ್ರಿ ಊಟವಾದ ಮೇಲೆ ಮೊಬೈಲನ್ನು ಪಕ್ಕಕ್ಕಿಡಿ. ಒಂದೇ ಒಂದು ಕಥೆ ಹೇಳಿ. ಮುಗಿದ ಮೇಲೆ ಅದೇ ಕೈಯನ್ನು ಮಗುವಿನ ತಲೆಯ ಮೇಲಿಟ್ಟು, ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಮಲಗಿಸಿ. ಮಕ್ಕಳನ್ನು ಅಪ್ಪಿಕೊಂಡು ಹರಸಿದ ಪ್ರಭು ನಿಮ್ಮ ಕೈಗಳನ್ನೂ ಹರಸಲಿ.