ಓದುವ ಗ್ರಂಥ, ನೋಡುವ ಗ್ರಂಥ

ಕಲಾಚರಿತ್ರೆಯ ಪರೀಕ್ಷೆಗೆ ಸಿದ್ಧಳಾಗುತ್ತಿರುವ ಬಂಟ್ವಾಳದ ಕಡೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ವಾರ ಮನೆಗೆ ಬಂದು, "ಮಾವ, ಯಾವ ಪುಸ್ತಕಗಳನ್ನು ಓದಲಿ, ಯಾವುದನ್ನು ಬಿಡಲಿ?" ಎಂದು ಕೇಳಿದಳು. ಮೇಲುನೋಟಕ್ಕೆ ಇದು ಪುಸ್ತಕಪಟ್ಟಿಯ ಪ್ರಶ್ನೆ. ಆದರೆ ನಮ್ಮ ದಾರ್ಶನಿಕರು ಪ್ರಮಾಣವಿಚಾರವೆಂದು ಕರೆದು ಶತಮಾನಗಳ ಕಾಲ ಮಥಿಸಿದ ವಿಷಯವೇ ಅದರೊಳಗೆ ಅಡಗಿರುವಂತೆ ನನಗೆ ತೋರಿತು. ಕಣ್ಣಾರೆ ಕಂಡುದು ಮೊದಲೋ, ಬಲ್ಲವರು ಬರೆದಿಟ್ಟುದು ಮೊದಲೋ? ಜೈನದರ್ಶನವು ಜ್ಞಾನವನ್ನು ಐದು ಬಗೆಯಾಗಿ ವಿಂಗಡಿಸಿ, ಇಂದ್ರಿಯಮನಸ್ಸುಗಳಿಂದ ಹುಟ್ಟುವ ಮತಿಜ್ಞಾನವನ್ನು ಮೊದಲಿಗಿರಿಸಿ, ಶಾಸ್ತ್ರಮೂಲವಾದ ಶ್ರುತಜ್ಞಾನವು ಅದನ್ನು ಹಿಂಬಾಲಿಸಿಯೇ ಬರುವುದೆಂದು ಹೇಳುತ್ತದೆ.

ಈ ಮಾತನ್ನು ಮೂಡುಬಿದಿರೆಯಲ್ಲಿ ನಿಂತು ಯೋಚಿಸಬೇಕು. ಜೈನರ ಆಗಮಗ್ರಂಥವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ತಾಳೆಗರಿಗಳು, ಕನ್ನಡ ಲಿಪಿಯಲ್ಲಿ ಬರೆದವು, ಅಲ್ಲಿಯ ಗುರುಬಸದಿಯಲ್ಲಿ ಬಹುಕಾಲ ದರ್ಶನಕ್ಕೆಂದೇ ಇದ್ದುವು; ದೂರದಿಂದ ಬಂದ ಯಾತ್ರಿಕರು ಅವನ್ನು ಕಂಡು, ಕೈಮುಗಿದು, ಧನ್ಯರಾಗಿ ಹಿಂದಿರುಗುತ್ತಿದ್ದರಲ್ಲದೆ ಓದುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿಮಾಡುವ ಕೆಲಸ ಮೊದಲಾಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಮುಂದಿನ ಎರಡು ದಶಕಗಳಲ್ಲಿ ಸಂಪುಟಗಳು 16 ಆದುವು. ಇದನ್ನು ಮಹಾಲಾಭವೆಂದೇ ಎಣಿಸುತ್ತೇನೆ. ಆದರೆ ಆ ಗರಿಗಳ ಮೇಲೆ ಹನ್ನೆರಡನೆಯ ಶತಮಾನದ ಚಿತ್ರಕಾರನು ಬೆರಳಗಲದ ಜಾಗದಲ್ಲಿ ಬರೆದ ತೀರ್ಥಂಕರರೂ ಯಕ್ಷಿಯರೂ ಉಂಟಷ್ಟೆ. ಅಕ್ಷರವು ಅಚ್ಚಿಗೆ ಇಳಿದು ದೇಶವೆಲ್ಲ ಸಂಚರಿಸಿದರೂ ಬಣ್ಣವು ಬಸದಿಯಲ್ಲಿಯೇ ಉಳಿಯಿತು. ಹಾಗಾದರೆ ಓದದೆ ಬರಿದೇ ಕಂಡು ಹೋದವರು ಏನನ್ನೂ ಅರಿಯಲಿಲ್ಲವೆನ್ನೋಣವೆ? ಜೈನರು ಮೋಕ್ಷಮಾರ್ಗವೆನ್ನುವ ರತ್ನತ್ರಯದಲ್ಲಿ ಜ್ಞಾನಕ್ಕಿಂತ ಮುಂಚೆ ನಿಂತಿರುವುದು ದರ್ಶನ. ಅಲ್ಲಿ ಅದಕ್ಕೆ ಶ್ರದ್ಧೆಯೆಂಬ ಅರ್ಥವಿರುವುದನ್ನು ಬಲ್ಲೆ. ಶ್ರದ್ಧೆಗೆ ನೋಟದ ಹೆಸರನ್ನೇ ಇಟ್ಟವರ ಮನಸ್ಸನ್ನೂ ಗೌರವಿಸುತ್ತೇನೆ.

ಅದೇ ಊರಿನ ಸಾವಿರಕಂಬದ ಬಸದಿ 1430ರದು. ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸನು 1876ರಲ್ಲಿ ಪ್ರಕಟಿಸಿದ ವಾಸ್ತುಚರಿತ್ರೆಯಲ್ಲಿ ಇಲ್ಲಿಯ ಇಳಿಜಾರು ಮಾಡುಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದನು. ಅಂದಿನಿಂದ ಪುಸ್ತಕದಿಂದ ಪುಸ್ತಕಕ್ಕೆ ನೇಪಾಳದ ಹೆಸರು ಸಾಗಿಬಂದಿದೆ. ಪರೀಕ್ಷೆಯ ಉತ್ತರದಲ್ಲಿ ಅದನ್ನು ಬರೆದರೆ ಅಂಕವೂ ದೊರಕೀತು. ಆದರೆ ತುಳುನಾಡಿನ ಒಂದು ಮಳೆಗಾಲವನ್ನು ಹುಲ್ಲುಮಾಡಿನಡಿಯಲ್ಲಿ ಕಳೆದವನಿಗೆ ಹಿಮಾಲಯದವರೆಗೆ ಹೋಗುವ ಅಗತ್ಯವೇ ತೋರದು: ಸುರಿವ ನೀರನ್ನು ಗೋಡೆಯಿಂದ ದೂರಕ್ಕೆ ಚೆಲ್ಲಲೆಂದು ಮನೆಮನೆಯಲ್ಲಿಯೂ ಮಾಡಿದ ಉಪಾಯವನ್ನೇ ಶಿಲ್ಪಿಯು ಕಲ್ಲುಚಪ್ಪಡಿಗೆ ಕಲಿಸಿದ್ದಾನೆ. ಫರ್ಗುಸನ್ನನನ್ನು ಓದಬೇಡವೆಂದು ನಾನು ಹೇಳಲಾರೆ. ಹೋಲಿಸುವ ಕಣ್ಣನ್ನು ಅವನಿಂದ ಕಲಿಯುವುದು ಬಹಳವಿದೆ. ಅವನನ್ನು ಎರಡನೆಯದಾಗಿ ಓದಬೇಕೆಂಬುದಷ್ಟೇ ನನ್ನ ಪಕ್ಷ.

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ ಗೊಮ್ಮಟನ ಎತ್ತರ ಸುಮಾರು 35 ಅಡಿ ಎಂಬುದು ಪುಸ್ತಕದಿಂದ ತಿಳಿಯುತ್ತದೆ. ಆ ಪಾದದ ಬಳಿ ಕತ್ತೆತ್ತಿ ನಿಂತಾಗ ತನ್ನ ಅಳತೆ ತನಗೆ ತಿಳಿಯುವುದು ಬೇರೆ. ಇನ್ನೂ ಕಠಿನವಾದುದು ಬಂಟ್ವಾಳ ತಾಲೂಕಿನ ಪೊಳಲಿಯದು. ರಾಜರಾಜೇಶ್ವರಿಯ ಮೂರ್ತಿ ಮಣ್ಣಿನದು. ಕಾಲಕಾಲಕ್ಕೆ ಲೇಪನಗೊಂಡು ಹೊಸತಾಗುವುದು. ಇದರ ಕಾಲ ಯಾವುದೆಂದು ಚರಿತ್ರೆಕಾರನು ಕೇಳಿದರೆ ಒಳಗಿನ ಮಣ್ಣನ್ನು ಹೇಳೋಣವೋ, ಹೊರಗಿನ ಲೇಪವನ್ನೋ? ಭಕ್ತನಿಗೆ ಅಮ್ಮನು ಎಂದೂ ಬದಲಾದವಳಲ್ಲ. ದ್ರವ್ಯವು ನಿತ್ಯ, ಅದು ತಳೆಯುವ ಅವಸ್ಥೆಯಾದ ಪರ್ಯಾಯವು ಅನಿತ್ಯ ಎಂಬ ಜೈನವಾಕ್ಯದ ನೆರವಿನಿಂದ ಈ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಬಹುದೆಂದು ನನಗನ್ನಿಸುವುದುಂಟು. ಆದರೆ ಈ ಸಮಾಧಾನವು ದೇವಿಯ ಎದುರಿಗೆ ನಿಂತಾಗ ನೆನಪಿಗೆ ಬಂದುದಿಲ್ಲ.

ಹುಡುಗಿಗೆ ನಾಲ್ಕು ಪುಸ್ತಕಗಳ ಹೆಸರನ್ನು ಬರೆದುಕೊಟ್ಟೆ. ಚೀಟಿಯ ಮೊದಲ ಸಾಲನ್ನು ಮಾತ್ರ ಖಾಲಿ ಬಿಟ್ಟು, ಆಟಿ ತಿಂಗಳ ಮಳೆ ಬಿರುಸಾದ ದಿನ ಸಾವಿರಕಂಬದ ಬಸದಿಯ ಜಗಲಿಯಲ್ಲಿ ಒಂದು ಗಳಿಗೆ ಕುಳಿತು ಬಂದು, ಆ ಸಾಲನ್ನು ನೀನೇ ತುಂಬು ಎಂದೆ.